‘ಅರಿವಳಿಕೆ’: ಎಚ್ಚರವಾಗಿರುವವರಿಗೆ ಈ ಪದ ಹೊಂದುತ್ತದೆಯೇ?

ಮಾನ್ಯರೇ,

ಕಣ್ಣಿನ ಪೊರೆ ತೆಗೆಯುವ ಮುನ್ನ ರೋಗಿಯಿಂದ ಸಹಿ ಪಡೆಯುವ ಒಪ್ಪಿಗೆ ಪತ್ರದಲ್ಲಿ ‘ಸ್ಥಳೀಯ ಅರಿವಳಿಕೆ’ (ಲೋಕಲ್ ಅನಸ್ತೀಸಿಯಾ) ಎಂಬ ಮಾತು ಬರುತ್ತದೆ. ಈ ಎರಡು ಪದಗಳ ಬಗ್ಗೆ, ಮುಖ್ಯವಾಗಿ ಎರಡನೆಯದರ ಬಗ್ಗೆ, ಬಲ್ಲವರ ಅಭಿಪ್ರಾಯ ಕೇಳಲು ಬರೆಯುತ್ತಿದ್ದೇನೆ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ, ತೀರ್ಥಹಳ್ಳಿ ಕಡೆಯ ನನ್ನ ಸೋದರತ್ತೆಯನ್ನು ಪೊರೆ ತೆಗೆಸಲು ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಪತ್ರವನ್ನು ಓದಿ ಹೇಳಿದಾಗ ಅತ್ತೆ ಮೊದಲು ಕೇಳಿದ್ದು, ‘ಸ್ಥಳೀಯ ಅಂದರೆ ಈ ಊರಲ್ಲೇ ಮಾಡಿದ ಔಷಧಿಯೋ?’ ಎಂದು. ಕನ್ನಡದಲ್ಲಿ ಸ್ಥಳೀಯ ಎಂದರೆ ಆ ಊರಿನದು, ಅಲ್ಲಿಯದು. ದೇಹದ ಒಂದು ಭಾಗಕ್ಕೆ ಸೀಮಿತವಾದದ್ದು ಎಂಬ ಅರ್ಥ ವೈದ್ಯರ ಬರವಣಿಗೆಯಲ್ಲಷ್ಟೇ ಇದೆ. ಆ ಸಂಶಯವನ್ನು ಪರಿಹರಿಸುವುದು ಸುಲಭವಾಯಿತು. ಅರಿವಳಿಕೆಯ ವಿಷಯ ಹಾಗಾಗಲಿಲ್ಲ. ಹಿಂದೊಮ್ಮೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ ಇದೇ ಪದವನ್ನು ಕೇಳಿ ನಿದ್ದೆಹೋಗಿ, ಎಲ್ಲ ಮುಗಿದ ಮೇಲೆ ಕಣ್ಣು ಬಿಟ್ಟಿದ್ದ ಅತ್ತೆ, ಈ ಸಲವೂ ಹಾಗೆಯೇ ಎಂದುಕೊಂಡು ಒಳಗೆ ಹೋದರು. ಕಣ್ಣಿಗೆ ಹನಿ ಹಾಕಿದರು, ಮುಖಕ್ಕೆ ಬಟ್ಟೆ ಹೊದಿಸಿದರು. ವೈದ್ಯರ ಮಾತು ಕೇಳಿಸುತ್ತಲೇ ಇತ್ತು, ದೀಪದ ಬೆಳಕಿನಲ್ಲಿ ಬಣ್ಣಗಳು ಕದಲುತ್ತಿದ್ದವು, ಕಣ್ಣಿನ ಮೇಲೆ ತಣ್ಣನೆಯ ನೀರು ಹರಿದದ್ದೂ ತಿಳಿಯಿತು. ತನಗೆ ಮದ್ದು ಹತ್ತಲಿಲ್ಲವೆಂದೇ ಅವರು ಭಾವಿಸಿ, ಹೇಳಲು ಕೈ ಎತ್ತಹೋದರು. ದಾದಿಯೊಬ್ಬರು ಥಟ್ಟನೆ ಕೈ ಹಿಡಿದುಕೊಂಡದ್ದರಿಂದ ಅಪಾಯವಾಗಲಿಲ್ಲ. ಸಂಜೆ ಅತ್ತೆ ನನ್ನನ್ನೇ ಕೇಳಿದರು: ‘ಅರಿವು ಹೋಗ್ತದೆ ಅಂದಿದ್ಯಲ್ಲ, ನಂಗೆ ಎಲ್ಲ ಗೊತ್ತಾಗ್ತಿತ್ತು.’ ನೋವಾಯಿತೇ ಎಂದರೆ, ಇಲ್ಲ. ಭಯವಾಯಿತೇ ಎಂದರೆ, ಬಹಳ.

ಆ ಭಯ ಔಷಧಿಯಿಂದ ಬಂದದ್ದಲ್ಲ, ಪದದಿಂದ ಬಂದದ್ದು ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ‘ಅರಿವು ತಪ್ಪಿ ಬಿದ್ದರು’ ಎಂದರೆ ನಮ್ಮಲ್ಲಿ ಎಚ್ಚರ ತಪ್ಪಿತು ಎಂದೇ ಅರ್ಥ. ಅಲ್ಲಮಪ್ರಭು, ಅಕ್ಕಮಹಾದೇವಿ ಹುಟ್ಟಿದ ಶಿಕಾರಿಪುರದ ಸೀಮೆ ನಮಗೆ ದೂರವಿಲ್ಲ. ವಚನಕಾರರ ಬಾಯಲ್ಲಿ ಅರಿವು ಎಂಬುದು ಮನುಷ್ಯನ ಇಡೀ ತಿಳಿವು. ಅಷ್ಟು ತೂಕದ ಪದದ ಜೊತೆಗೆ ಅಳಿಕೆಯನ್ನು ಸೇರಿಸಿದಾಗ, ಕಣ್ಣಿನ ಮೇಲ್ಪದರದ ನೋವು ಕಾಲು ಗಂಟೆಯ ಮಟ್ಟಿಗೆ ತಿಳಿಯದೆ ಹೋಗುವುದು ಎಂಬಷ್ಟು ಸಣ್ಣ ಅರ್ಥ ಕೇಳುವವರ ಮನಸ್ಸಿಗೆ ಬರುವುದು ಹೇಗೆ?

ಮೂಲಪದದ ಚರಿತ್ರೆಯಲ್ಲೂ ಇದಕ್ಕೆ ಕಾರಣ ಸಿಗುತ್ತದೆ. ಅನಸ್ತೀಸಿಯಾ ಎಂಬ ಗ್ರೀಕ್ ಮೂಲದ ಪದವನ್ನು 1846ರಲ್ಲಿ, ಈಥರಿನಿಂದ ರೋಗಿಯನ್ನು ಮಲಗಿಸುವ ಕ್ರಮ ಬಳಕೆಗೆ ಬಂದಾಗ, ಅಮೆರಿಕದ ವೈದ್ಯ ಆಲಿವರ್ ವೆಂಡೆಲ್ ಹೋಮ್ಸ್ ಸೂಚಿಸಿದರು. ನಿದ್ದೆಗೆ ಆ ಪದ ಸರಿಯಾಗಿಯೇ ಇತ್ತು. ಕನ್ನಡದ ಅರಿವಳಿಕೆಯೂ ಅದಕ್ಕೆ ನಿಷ್ಠವಾದ, ಚೆಂದದ ಪದ. ಆದರೆ ಎಚ್ಚರವಿರುವ ರೋಗಿಯ ಕಣ್ಣಿಗೆ ಕೊಕೇನಿನ ಹನಿ ಹಾಕಿ ನೋವು ತಪ್ಪಿಸಬಹುದೆಂದು ವಿಯೆನ್ನಾದ ವೈದ್ಯ ಕಾರ್ಲ್ ಕೋಲರ್ ತೋರಿಸಿದ್ದು 1884ರಲ್ಲಿ, ಅಂದರೆ 38 ವರ್ಷಗಳ ನಂತರ. ಹೊಸ ಕ್ರಮಕ್ಕೆ ಹಳೆಯ ಹೆಸರೇ ಅಂಟಿಕೊಂಡಿತು, ನಾವು ಆ ಹೆಸರನ್ನೇ ಅನುವಾದಿಸಿಕೊಂಡೆವು.

ಇಂದು ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಒಂದಕ್ಕಿಂತ ಹೆಚ್ಚು ಕ್ರಮಗಳಿವೆ, ಅವುಗಳಲ್ಲಿ ರೋಗಿಯ ಅನುಭವವೂ ಬೇರೆ ಬೇರೆ. ಪ್ರೊಪಾರಕೇನ್‌ನಂಥ ಹನಿಗಳನ್ನಷ್ಟೇ ಹಾಕಿದರೆ ಮೊದಲು ಕ್ಷಣಕಾಲ ಉರಿದು, ಅರ್ಧ ನಿಮಿಷದೊಳಗೆ ಮೇಲ್ಪದರಕ್ಕೆ ನೋವು ತಿಳಿಯದಾಗುತ್ತದೆ. ಕಣ್ಣು ಅಲ್ಲಾಡಬಲ್ಲದು, ಆದ್ದರಿಂದ ರೋಗಿ ದೀಪವನ್ನೇ ನೋಡುತ್ತ ಸಹಕರಿಸಬೇಕು, ಒತ್ತಿದ ಹಾಗೆ ಅನ್ನಿಸುವುದೂ ಉಂಟು. ಕಣ್ಣುಗುಡ್ಡೆಯ ಸುತ್ತ ಅಥವಾ ಹಿಂದೆ ಸೂಜಿಮದ್ದು ಕೊಟ್ಟರೆ ಕಣ್ಣಿನ ಚಲನೆಯೂ ನಿಲ್ಲುತ್ತದೆ, ನೋಟವೂ ಸ್ವಲ್ಪ ಹೊತ್ತು ಮಂಕಾಗಬಹುದು. ಅಪರೂಪಕ್ಕೆ ರಕ್ತಸ್ರಾವ, ಗುಡ್ಡೆಗೆ ಸೂಜಿ ತಗಲುವುದು ಮುಂತಾದ ತೊಂದರೆಗಳಿರುವುದರಿಂದ ಕೆಲವರು ಮೊಂಡು ತುದಿಯ ನಳಿಕೆಯಿಂದ ಬಿಳಿಗುಡ್ಡೆಯ ಮೇಲಿನ ಪದರದಡಿಗೆ ಮದ್ದು ಬಿಡುತ್ತಾರೆ. ಗಾಬರಿ ಇರುವವರಿಗೆ ಇವುಗಳ ಜೊತೆಗೆ ಮಂಪರು ಬರುವ ಔಷಧಿ ಕೊಡುವುದುಂಟು. ಪೂರ್ತಿ ಮಲಗಿಸುವುದು ಮಕ್ಕಳಿಗೆ ಅಥವಾ ಕದಲದೆ ಮಲಗಲಾರದವರಿಗೆ ಮಾತ್ರ. ಇವೆಲ್ಲಕ್ಕೂ ಪತ್ರದಲ್ಲಿರುವುದು ಒಂದೇ ಪದ.

ಬದಲಿಗೆ ಏನಿದೆ? ‘ಮರಗಟ್ಟಿಸುವುದು’ ಎಂಬುದು ಹಲ್ಲಿನ ವೈದ್ಯರಲ್ಲಿ ಬಳಕೆಯಲ್ಲಿದೆ. ಆದರೆ ಅದು ಮರವಾಗುವ ಮಾತು, ಚಳಿಗೆ ಸೆಟೆದ ಕೈಗೆ ಹೇಳುವಂಥದ್ದು. ಕಣ್ಣಿನ ವಿಷಯದಲ್ಲಿ ಅದನ್ನು ಕೇಳಿದರೆ ದೃಷ್ಟಿಯೇ ಹೋದೀತೆಂದು ವಯಸ್ಸಾದವರು ಹೆದರುತ್ತಾರೆ. ‘ಮತ್ತು ಬರಿಸುವುದು’ ಎಂದರೆ ಮತ್ತೆ ನಿದ್ದೆಯ ಕಡೆಗೇ ಹೋಯಿತು. ಸೂಜಿಯ ಕ್ರಮಕ್ಕೆ ಆಸ್ಪತ್ರೆಯಲ್ಲಿ ಹೇಳುವ ‘ಬ್ಲಾಕ್’ ಅನ್ನು ಕನ್ನಡಿಸಿ ಕಣ್ಣು ಕಟ್ಟುವುದು ಎನ್ನುವಂತಿಲ್ಲ, ಕಣ್ಕಟ್ಟು ಜಾದೂಗಾರನದು.

ನನ್ನ ಮನಸ್ಸು ಒಲಿಯುವುದು ‘ಜೋಮು’ ಎಂಬ ಪದಕ್ಕೆ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಅಡಿಕೆ ಸುಲಿದವರ ಕಾಲಿಗೆ ಜೋಮು ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಹಿಡಿದದ್ದು ಬಿಡುತ್ತದೆ ಎಂಬ ಭರವಸೆ ಆ ಪದದ ಒಳಗೇ ಇದೆ. ಜೋಮು ಹಿಡಿದವರು ಎಚ್ಚರವಾಗಿಯೇ ಇರುತ್ತಾರೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಮಲೆನಾಡಿನ ಅಡುಗೆಮನೆ ಬಲ್ಲವರಿಗೆ ಜುಮ್ಮನಕಾಯಿಯೂ ನೆನಪಾದೀತು: ನಾಲಿಗೆ ಜುಮ್ಮೆನ್ನುತ್ತದೆ, ಮನುಷ್ಯನಿಗೆ ಏನೂ ಆಗುವುದಿಲ್ಲ. ‘ಜೋಮು ಹನಿ’, ‘ಜೋಮು ಸೂಜಿ’ ಎಂದು ಎರಡನ್ನೂ ಬೇರ್ಪಡಿಸಿ ಹೇಳಬಹುದು. ಮಲಗಿಸುವುದಕ್ಕೆ ಮಾತ್ರ ಅರಿವಳಿಕೆ ಉಳಿಯಲಿ. ಇದಕ್ಕಿರುವ ತೊಡಕನ್ನೂ ಹೇಳಬೇಕು. ಜೋಮಿನಲ್ಲಿ ಇರುವೆ ಹರಿದಂಥ ಚುಚ್ಚುವಿಕೆ ಇರುತ್ತದೆ, ಹನಿಯಲ್ಲಿ ಅದಿಲ್ಲ. ಒಪ್ಪಿಗೆ ಪತ್ರದಂಥ ಕಾಗದಕ್ಕೆ ಪದ ತೀರಾ ಮನೆಮಾತಾಯಿತೆಂಬ ಆಕ್ಷೇಪವೂ ಬರಬಹುದು. ಆ ಕಾಗದವನ್ನು ಓದಿಸಿಕೊಳ್ಳುವವರು ಮನೆಮಾತಿನವರೇ ಆದ್ದರಿಂದ ಈ ಆಕ್ಷೇಪವನ್ನು ನಾನು ಒಪ್ಪಲಾರೆ.

ಸಾಗರ, ಸೊರಬ, ಹೊಸನಗರ, ಕೊಪ್ಪದ ಕಡೆಯವರು ತಿಳಿಸಬೇಕೆಂದು ಕೋರುತ್ತೇನೆ: ನಿಮ್ಮಲ್ಲಿ ಇದಕ್ಕೆ ಜೋಮು ಎನ್ನುತ್ತಾರೆಯೇ, ಬೇರೆ ಮಾತಿದೆಯೇ? ಕಣ್ಣಿನ ವಾರ್ಡಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ಹನಿ ಹಾಕುವ ಮುನ್ನ ಅಜ್ಜಿಯಂದಿರಿಗೆ ನೀವು ಹೇಳುವ ವಾಕ್ಯವನ್ನು ಹೇಳಿದ ಹಾಗೆಯೇ ಬರೆದು ಕಳಿಸಬೇಕು. ಅತ್ತೆಗೆ ಇನ್ನೊಂದು ಕಣ್ಣಿನ ಪೊರೆಯನ್ನೂ ತೆಗೆಸಬೇಕಾಗಿದೆ.