ಎರಡನೇ ಹಂತದಲ್ಲಿ ಇನ್ನೂ 900 ಮನೆ: ಈ ಟ್ರಾಫಿಕ್ ವರದಿಯನ್ನು ನಂಬಬಹುದಾ?

ಪ್ರಶ್ನೆ: ಸರ್ಜಾಪುರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್ ಸರ್ಜಾಪುರ ರಸ್ತೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ಒಳಗಿದೆ. ಈಗ 640 ಮನೆಗಳಿವೆ. ಪಕ್ಕದ ಜಾಗದಲ್ಲಿ ಬಿಲ್ಡರ್ ಇನ್ನೂ 900 ಮನೆ ಕಟ್ಟುತ್ತಾರಂತೆ. ಎಲ್ಲರಿಗೂ ಇರುವುದು ಒಂದೇ ದಾರಿ, 7 ಮೀಟರ್ ಅಗಲದ ಡಾಂಬರು ರಸ್ತೆ. ಫುಟ್‌ಪಾತ್ ಇಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಶಾಲೆ ಬಸ್ಸುಗಳು ಗೇಟಿನ ಎದುರಿಗೇ ನಿಲ್ಲುತ್ತವೆ. ಎದುರು ಸಾಲಿನ ಅಂಗಡಿಗಳ ಮುಂದೆ ಬೈಕುಗಳು ನಿಂತಿರುತ್ತವೆ.

ಬಿಲ್ಡರ್ ಕೊಟ್ಟ ವರದಿಯಲ್ಲಿ ರಸ್ತೆಯ ಸಾಮರ್ಥ್ಯ ಗಂಟೆಗೆ 1500 ಪಿಸಿಯು, ಈಗಿನ ಓಡಾಟ 780, ಹೊಸ ಮನೆಗಳಿಂದ 350, ಒಟ್ಟು 1130 ಎಂದಿದೆ. ಓಡಾಟವನ್ನು ಸಾಮರ್ಥ್ಯದಿಂದ ಭಾಗಿಸಿದರೆ ಬರುವ ಅನುಪಾತ 0.75, ಹಾಗಾಗಿ ತೊಂದರೆ ಇಲ್ಲವಂತೆ. ದಿನಾ ಅಲ್ಲೇ ಸಿಕ್ಕಿಹಾಕಿಕೊಳ್ಳುವ ನಮಗೆ ಇದು ನಂಬುವ ಹಾಗಿಲ್ಲ. ಭಾನುವಾರ ಸಂಘದ ಸಭೆ ಇದೆ. ಏನು ಕೇಳಬೇಕು, ಹೇಳಿ.

ಉತ್ತರ: ನಿವೃತ್ತ ರಸ್ತೆ ಇಂಜಿನಿಯರ್

ಮೊದಲು ಆ 1500 ಎಲ್ಲಿಂದ ಬಂತು ಅಂತ ಕೇಳಿ. ಎಲ್ಲ ಬಗೆಯ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ತಂದರೆ ಅದೇ ಪಿಸಿಯು. ನಗರದ ರಸ್ತೆಗಳ ಸಾಮರ್ಥ್ಯಕ್ಕೆ ನಾವೆಲ್ಲ ನೋಡುತ್ತಿದ್ದದ್ದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 106, 1990ರ ಪುಸ್ತಕ. ಎರಡೂ ದಿಕ್ಕಿಗೆ ಓಡಾಡುವ ಎರಡು ಲೇನ್ ರಸ್ತೆಗೆ ಅದರಲ್ಲಿ ಮೂರು ಅಂಕಿಗಳಿವೆ. 1500, 1200, 900. ಪಕ್ಕದಲ್ಲಿ ಮನೆ ಅಂಗಡಿಗಳ ಬಾಗಿಲು ತೆರೆಯಬಾರದು, ಗಾಡಿ ನಿಲ್ಲಬಾರದು, ಅಡ್ಡ ಬರುವವರು ತೀರಾ ಕಡಿಮೆ ಇರಬೇಕು. ಅಂಥ ಮುಖ್ಯ ರಸ್ತೆಗೆ ಮಾತ್ರ 1500. ಬದಿಯಲ್ಲಿ ಗಾಡಿ ನಿಂತು, ಎಲ್ಲೆಂದರಲ್ಲಿ ಒಳಗೆ ಹೊರಗೆ ತಿರುಗುವ ರಸ್ತೆಗೆ 900.

ನೀವು ಹೇಳಿದ ಬಸ್ಸು, ಅಂಗಡಿ, ಬೈಕು ನೋಡಿದರೆ ನಿಮ್ಮದು 900ರ ರಸ್ತೆ. ಅವರದೇ 1130ನ್ನು 900ರಿಂದ ಭಾಗಿಸಿ. 1.25 ದಾಟುತ್ತದೆ! ಒಂದು ದಾಟಿತು ಅಂದರೆ ರಸ್ತೆ ತಡೆಯುವುದಕ್ಕಿಂತ ಹೆಚ್ಚು ಗಾಡಿ ಅಂತ ಅರ್ಥ. ಬೇರೆ ಯಾವ ಅಂಕಿಯನ್ನೂ ಮುಟ್ಟಬೇಕಿಲ್ಲ.

ಇನ್ನೆರಡು ವಿಷಯ ನೋಡಿ. ಎಣಿಕೆ ಯಾವ ತಿಂಗಳು ಮಾಡಿದ್ದಾರೆ? ಬೈಕಿಗೆ ಎಷ್ಟು ಪಿಸಿಯು ಹಿಡಿದಿದ್ದಾರೆ? ಒಟ್ಟು ಗಾಡಿಗಳಲ್ಲಿ ಬೈಕುಗಳು ನೂರಕ್ಕೆ ಐದು ಇದ್ದಾಗ ಅದೇ ಪುಸ್ತಕ 0.5 ಅನ್ನುತ್ತದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 0.75. ಬೆಂಗಳೂರಿನಲ್ಲಿ ಯಾವುದು ಅಂತ ಹೇಳಬೇಕಿಲ್ಲ, ಅಲ್ವಾ?

ಉತ್ತರ: ವೈಟ್‌ಫೀಲ್ಡ್ ಅಮ್ಮ

ನಮ್ಮಲ್ಲಿ ಅರ್ಧ ಕಷ್ಟ ಗೇಟಿನದೇ ಆಗಿತ್ತು. ಸಂಜೆ ಡೆಲಿವರಿಯವರನ್ನು ತಡೆದು, ಫೋನ್ ಮಾಡಿ ಒಳಗೆ ಬಿಡುವಷ್ಟರಲ್ಲಿ ಹಿಂದಿನ ಕಾರುಗಳೆಲ್ಲ ರಸ್ತೆಯಲ್ಲೇ ನಿಲ್ಲುತ್ತಿದ್ದವು. ತಪಾಸಣೆಯ ಜಾಗವನ್ನು ಒಳಕ್ಕೆ ಸರಿಸಿ, ನಿವಾಸಿಗಳಿಗೆ ಬೇರೆ ಲೇನ್ ಮಾಡಿದೆವು. ಶಾಲೆ ಬಸ್ಸುಗಳೂ ಈಗ ಒಳಗೇ ಬಂದು ತಿರುಗುತ್ತವೆ. ಮಕ್ಕಳು ರಸ್ತೆಗೆ ಕಾಲಿಡುವುದೇ ಬೇಡ. ಎರಡನೇ ಹಂತದ ನಕ್ಷೆ ಇನ್ನೂ ಕಾಗದದಲ್ಲಿರುವಾಗಲೇ ಇದನ್ನೆಲ್ಲ ಕೇಳಿ. ಕಾಂಪೌಂಡ್ ಎದ್ದ ಮೇಲೆ ಯಾರೂ ಕಿವಿಗೊಡುವುದಿಲ್ಲ.

ಸರ್ಜಾಪುರ ನಿವಾಸಿ:

ಸರ್, ವರದಿ ತೆಗೆದು ನೋಡಿದೆ. ಎಣಿಕೆ ಮಾಡಿರುವುದು ಮೇ ತಿಂಗಳ ಎರಡನೇ ವಾರ. ಶಾಲೆಗೆ ರಜೆ! ಬೈಕಿಗೆ 0.5 ಹಾಕಿದ್ದಾರೆ. ಗಂಟೆಗೆ 600 ಬೈಕು ಅಂತ ಕೋಷ್ಟಕದಲ್ಲಿದೆ. ಸರ್ಜಾಪುರ ರಸ್ತೆಗೆ ಸೇರುವ ಜಂಕ್ಷನ್‌ನಲ್ಲಿ ಎಣಿಸಿಯೇ ಇಲ್ಲ.

ನಿವೃತ್ತ ರಸ್ತೆ ಇಂಜಿನಿಯರ್:

600 ಬೈಕಿಗೆ 0.5ರಂತೆ 300, 0.75ರಂತೆ 450. ಅಂದರೆ ಈಗಿನ ಓಡಾಟ 780 ಅಲ್ಲ, 930. ಅದೂ ರಜೆಯ ವಾರದಲ್ಲಿ. ಹೊಸದಾಗಿ ಒಂದು ಮನೆಯೂ ಬರುವ ಮೊದಲೇ ನಿಮ್ಮ ರಸ್ತೆ ತುಂಬಿ ಹೋಗಿದೆ. ಇದನ್ನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ.

ಜಂಕ್ಷನ್ ಎಣಿಸದೆ ಬಿಟ್ಟಿರುವುದು ದೊಡ್ಡ ಲೋಪ. ರಸ್ತೆಯ ನಡುವೆ ಗಾಡಿ ಹೇಗೋ ಸಾಗುತ್ತದೆ, ನಿಲ್ಲುವುದು ತುದಿಯಲ್ಲೇ. ಶಾಲೆ ಶುರುವಾದ ಮೇಲೆ ಕೆಲಸದ ದಿನ ಮತ್ತೆ ಎಣಿಸಲು ಹೇಳಿ. ಎಡಕ್ಕೆ, ಬಲಕ್ಕೆ, ಯು ಟರ್ನ್‌ಗೆ ಎಷ್ಟೆಷ್ಟು ಹೋಗುತ್ತವೆ, ಹದಿನೈದು ನಿಮಿಷಕ್ಕೊಂದು ಲೆಕ್ಕ ಬೇಕು. ಗೇಟಿನದೂ ಕೇಳಿ. ಮೇಡಂ ಹೇಳಿದ್ದು ಸರಿಯಾಗಿದೆ. ಒಂದು ಗಾಡಿಗೆ 20 ಸೆಕೆಂಡ್ ಹಿಡಿದರೆ ಒಂದು ಲೇನಿನಲ್ಲಿ ಗಂಟೆಗೆ 180 ಗಾಡಿ ಮಾತ್ರ ಒಳಗೆ ಹೋಗುತ್ತವೆ. ಸಾಲಿನಲ್ಲಿ ನಿಂತ ಒಂದು ಕಾರಿಗೆ 6 ಮೀಟರ್ ಬೇಕು. ಐದು ಕಾರು ನಿಂತರೆ 30 ಮೀಟರ್. ಅಷ್ಟು ಜಾಗ ಬಿಲ್ಡರ್ ಜಮೀನಿನ ಒಳಗೇ ಇರಲಿ. ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ಬಿಡಿಸಿ, ನಡೆಯುವವರಿಗೆ ಪ್ರತ್ಯೇಕ ಗೇಟು ಮಾಡಿಸಿ.

ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. 900 ಮನೆ ಅಂದರೆ ದಾಟಿಯೇ ದಾಟುತ್ತದೆ. ಇಂಥ ಅನುಮತಿಗಳ ಸರ್ಕಾರಿ ಜಾಲತಾಣ ಪರಿವೇಶ್ ಪೋರ್ಟಲ್‌ನಲ್ಲಿ ಅವರ ಅರ್ಜಿ ಹುಡುಕಿ, ಅಲ್ಲಿ ಕೊಟ್ಟಿರುವ ಟ್ರಾಫಿಕ್ ಅಂಕಿಗಳನ್ನು ಈ ವರದಿಯ ಜೊತೆ ಹೋಲಿಸಿ. ಅನುಮತಿ ಇನ್ನೂ ಸಿಕ್ಕಿಲ್ಲದಿದ್ದರೆ ನಿಮ್ಮ ಲೆಕ್ಕವನ್ನು ಬರವಣಿಗೆಯಲ್ಲಿ ಆ ಅನುಮತಿ ಕೊಡುವ ಪ್ರಾಧಿಕಾರಕ್ಕೆ ಕಳಿಸಿ, ನಕಲನ್ನು ಟ್ರಾಫಿಕ್ ಪೊಲೀಸರಿಗೂ ಕೊಡಿ. ವರದಿಯ ಕೋಷ್ಟಕಗಳನ್ನು ಇಲ್ಲಿ ಹಾಕಿ, ಶನಿವಾರದೊಳಗೆ ಪೂರ್ತಿ ನೋಡಿ ಹೇಳುತ್ತೇನೆ.