ಪದಚರ್ಚೆ: ಟ್ರೇಲರ್ ಕೊಂಡಿಯ ಮೇಲೆ ಕೂರುವ ಭಾರಕ್ಕೆ ‘ಮೂಕಿಭಾರ’ ಅನ್ನಬಹುದೇ?

ಗೆಳೆಯರೇ,

ಕೃಷಿ ಯಂತ್ರಗಳನ್ನು ಬಾಡಿಗೆಗೆ ಕೊಡುವವರೊಬ್ಬರಿಗಾಗಿ ಚಾಲಕರ ಸೂಚನಾ ಪತ್ರ ಬರೆಯುತ್ತಿದ್ದೇನೆ. ಒಂದೇ ಪುಟ. ಟ್ರ್ಯಾಕ್ಟರ್ ಹಿಂದಿನ ಟ್ರೇಲರ್‌ನಲ್ಲಿ ಚೈನ್ ಹಾರ್ವೆಸ್ಟರ್ (ಗಾಲಿಯ ಬದಲು ಪಟ್ಟಿಯ ಮೇಲೆ ಓಡುವ ಕಟಾವು ಯಂತ್ರ), ಒಕ್ಕಣೆ ಯಂತ್ರ, ಮಣ್ಣು ಹದ ಮಾಡುವ ರೋಟವೇಟರ್ ಸಾಗಿಸುವಾಗ ಎಷ್ಟು ಹೇರಬೇಕು, ಎಲ್ಲಿ ಇಡಬೇಕು, ಹೇಗೆ ಬಿಗಿಯಬೇಕು ಅನ್ನೋದು ವಿಷಯ. ಓದುವವರು ಗಂಗಾವತಿ, ಸಿಂಧನೂರು ಕಡೆಯ ಚಾಲಕರು, ಜೊತೆಗೆ ಮಂಡ್ಯದ ಕಡೆಯವರೂ ಇದ್ದಾರೆ. ಇಬ್ಬರಿಗೂ ಒಂದೇ ಓದಿಗೆ ತಿಳಿಯಬೇಕು. ಕೆಲವು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲು ತೂಕದ ಮಾತು. ‘ಐದು ಟನ್ ಟ್ರೇಲರ್’ ಅಂತ ಎಲ್ಲರೂ ಹೇಳುತ್ತೇವೆ. ಆ ಐದು ಟನ್ ಯಾವುದು? ಟ್ರೇಲರ್‌ನ ಸ್ವಂತ ತೂಕ ಒಂದೂವರೆ ಟನ್ ಅಂತಿಟ್ಟುಕೊಳ್ಳಿ. ಐದು ಟನ್ ಅಂದರೆ ಒಟ್ಟು ತೂಕ ಅನ್ನೋದಾದರೆ ಅದರ ಮೇಲೆ ಮೂರೂವರೆ ಟನ್ ಮಾತ್ರ ಹೇರಬಹುದು. ಐದು ಟನ್ ಸರಕನ್ನೇ ಹೇರಬಹುದು ಅಂತ ತಿಳಿದವನು ಒಟ್ಟು ಆರೂವರೆ ಟನ್ ಎಳೆದುಕೊಂಡು ರಸ್ತೆಗೆ ಬರುತ್ತಾನೆ. ‘ಲೋಡು’ ಅನ್ನೋ ಪದ ಇಲ್ಲಿ ಸಹಾಯಕ್ಕೆ ಬರೋದಿಲ್ಲ. ಸರಕಿಗೂ ಲೋಡು, ಗಾಡಿ ಸಮೇತ ಒಟ್ಟಿಗೂ ಲೋಡು.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಈ ಗೊಂದಲ ಇಲ್ಲ. ಗಾಡಿಯ ಬರಿ ತೂಕ ಬೇರೆ, ನೋಂದಣಿಯಲ್ಲಿ ಒಪ್ಪಿದ ಒಟ್ಟು ತೂಕ ಬೇರೆ, ಎರಡಕ್ಕೂ ಬೇರೆ ಬೇರೆ ವಿವರಣೆ ಇದೆ. ದಂಡ ಬೀಳೋದು ಒಟ್ಟು ತೂಕ ಮೀರಿದ್ದಕ್ಕೆ. 2019ರ ತಿದ್ದುಪಡಿಯ ನಂತರ 194ನೇ ಕಲಮಿನಲ್ಲಿ ಅದು 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಾದ ಸರಕು ಇಳಿಸುವ ಖರ್ಚೂ ನಮ್ಮದೇ.

ನಾನು ಬರೆದಿರೋದು ಹೀಗೆ: ‘ಖಾಲಿ ತೂಕ’, ‘ಹೇರು’, ‘ಒಟ್ಟು ತೂಕ’. ಖಾಲಿ ತೂಕಕ್ಕೆ ಹೇರು ಕೂಡಿಸಿದರೆ ಒಟ್ಟು ತೂಕ. ವೇ ಬ್ರಿಡ್ಜ್ (ಗಾಡಿ ತೂಗುವ ಕಾಟಾ) ಚೀಟಿ ನೋಡಿ ಅಭ್ಯಾಸ ಇರುವವರಿಗೆ ಖಾಲಿ, ಒಟ್ಟು ಎರಡೂ ಗೊತ್ತು. ಅನುಮಾನ ಇರೋದು ‘ಹೇರು’ ಬಗ್ಗೆ. ಹೇರುವ ಕೆಲಸಕ್ಕೂ ಅದೇ ಪದ, ಹೇರಿದ ಸರಕಿಗೂ ಅದೇ ಪದ. ‘ಹೇರು ಮೂರೂವರೆ ಟನ್ ಮೀರಬಾರದು’ ಅಂತ ಬರೆದರೆ ಸರಿ ಕೇಳುತ್ತಾ? ‘ಸರಕಿನ ತೂಕ’ ಅಂದರೆ ಇನ್ನೂ ಸಲೀಸು, ಆದರೆ ಹಾರ್ವೆಸ್ಟರನ್ನು ಯಾರೂ ಸರಕು ಅನ್ನೋದಿಲ್ಲ.

ಎರಡನೆಯದು, ನನಗೆ ತುಂಬ ಮುಖ್ಯ ಅನಿಸಿದ್ದು. ಎಳೆಯುವ ವಾಹನದ ಕೊಂಡಿಯ ಮೇಲೆ ಟ್ರೇಲರ್ ನೇರವಾಗಿ ಕೆಳಕ್ಕೆ ಒತ್ತುವ ಭಾರ ಇದೆಯಲ್ಲ, ಅದಕ್ಕೆ ಏನನ್ನೋಣ?

ನಾಲ್ಕು ಗಾಲಿಯ ಟ್ರೇಲರ್‌ನಲ್ಲಿ ಇದು ಅಷ್ಟಾಗಿ ಕಾಡೋದಿಲ್ಲ. ಮುಂದಿನ ಅಚ್ಚು (ಆಕ್ಸಲ್) ಭಾರ ಹೊರುತ್ತದೆ. ಎರಡು ಗಾಲಿಯದರಲ್ಲಿ ಮಾತ್ರ ಹೇರನ್ನು ಎಲ್ಲಿಟ್ಟಿರಿ ಅನ್ನೋದೇ ಎಲ್ಲ. ಒಂದು ಲೆಕ್ಕ ನೋಡಿ. ಕೊಂಡಿಯಿಂದ ಅಚ್ಚಿಗೆ ನಾಲ್ಕು ಮೀಟರ್. ಮೇಲೆ ಮೂರು ಟನ್ನಿನ ಹಾರ್ವೆಸ್ಟರ್. ಅದರ ಭಾರದ ನಡು ಅಚ್ಚಿಗಿಂತ 40 ಸೆಂಟಿಮೀಟರ್ ಮುಂದೆ ಕೂತರೆ ಕೊಂಡಿಯ ಮೇಲೆ 300 ಕಿಲೋ ಬೀಳುತ್ತದೆ. ಅದೇ ಯಂತ್ರ 40 ಸೆಂಟಿಮೀಟರ್ ಹಿಂದೆ ಕೂತರೆ ಕೊಂಡಿಯನ್ನು 300 ಕಿಲೋ ಬಲದಲ್ಲಿ ಮೇಲಕ್ಕೆತ್ತುತ್ತದೆ. ಒಂದು ಮೀಟರೂ ಸರಿಸಿಲ್ಲ, 600 ಕಿಲೋ ವ್ಯತ್ಯಾಸ. ಒಟ್ಟು ತೂಕ ಒಂದು ಕಿಲೋನೂ ಬದಲಾಗಿಲ್ಲ, ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇದೆ.

ಈ ಭಾರ ಕಡಿಮೆಯಾದರೆ ಟ್ರೇಲರ್‌ನ ಹಿಂಬದಿ ಅತ್ತಿತ್ತ ಬೀಸುತ್ತದೆ. ಜಾಸ್ತಿಯಾದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಮುಂದಿನ ಗಾಲಿ ನೆಲ ಬಿಡುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ಕೇಳೋದಿಲ್ಲ. ಕಬ್ಬಿನ ಹಂಗಾಮಿನಲ್ಲಿ ದಿಬ್ಬ ಏರುವಾಗ ಮೂತಿ ಎತ್ತಿದ ಟ್ರ್ಯಾಕ್ಟರುಗಳನ್ನು ಯಾರು ನೋಡಿಲ್ಲ ಹೇಳಿ. ಪಿಕಪ್, ಜೀಪಿನ ಹಿಂದೆ ಎಳೆಯುವ ಟ್ರೇಲರ್‌ಗೆ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಕೊಂಡಿಯ ಮೇಲಿರಲಿ ಅನ್ನೋ ಲೆಕ್ಕ ಅಮೆರಿಕದಲ್ಲಿ ರೂಢಿ. ಟ್ರ್ಯಾಕ್ಟರಿಗೆ ಅದರ ಕೈಪಿಡಿಯಲ್ಲಿ ಕೊಟ್ಟ ಮಿತಿಯೇ ಲೆಕ್ಕ.

ಎತ್ತಿನ ಗಾಡಿ ಹೂಡಿದವರಿಗೆ ಇದೆಲ್ಲ ಹೊಸದಲ್ಲ. ನಮ್ಮ ಹಳೇ ಮೈಸೂರಿನ ಕಡೆ ನೊಗ ಕಟ್ಟುವ ಉದ್ದನೆಯ ಮರಕ್ಕೆ ಮೂಕಿ ಅಂತಾರೆ. ಭಾರ ಮುಂದಾದರೆ ಎತ್ತಿನ ಹೆಗಲಿಗೆ ಪೆಟ್ಟು, ಅದು ಮುಂಭಾರ. ಹಿಂದಾದರೆ ಮೂಕಿ ಏಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲು ಹಿಡಿಯುತ್ತದೆ, ಅದು ಹಿಂಭಾರ. ಹುಲ್ಲು ಹೇರುವಾಗ ಹಿರಿಯರೊಬ್ಬರು ಮೂಕಿ ಹಿಡಿದು ನಿಂತು ಮೇಲೆ ಕೆಳಗೆ ಆಡಿಸಿ ನೋಡಿ, ‘ಇನ್ನೊಂದೆರಡು ಹೊರೆ ಮುಂದಕ್ಕೆ ಹಾಕ್ರೋ’ ಅನ್ನುತ್ತಿದ್ದರು. ಆ ಕೈಗೆ ಸಿಗುತ್ತಿದ್ದ ಭಾರವೇ ನನಗೆ ಬೇಕಾದ ಭಾರ. ಅದಕ್ಕೇ ‘ಮೂಕಿಭಾರ’ ಅನ್ನೋಣ ಅನ್ನಿಸಿದೆ. ಟ್ರೇಲರ್‌ನ ಮುಂದಿನ ತ್ರಿಕೋನದ ಕಬ್ಬಿಣಕ್ಕೂ ಹಳಬರು ಮೂಕಿ ಅಂತಲೇ ಅನ್ನೋದನ್ನು ಕೇಳಿದ್ದೇನೆ.

ಎರಡು ತೊಡಕಿವೆ. ಮೂಕಿ ಅಂದರೆ ಮಾತು ಬಾರದವಳು ಅಂತಲೂ ಆಗುತ್ತದೆ, ಗಾಡಿ ಹೂಡದ ಹುಡುಗರಿಗೆ ಮೊದಲು ಹೊಳೆಯೋದು ಆ ಅರ್ಥವೇ ಇರಬಹುದು. ಇನ್ನೊಂದು, ಎತ್ತಿನ ಗಾಡಿಗೆ ಚಕ್ಕಡಿ ಅನ್ನುವ ಉತ್ತರ ಕರ್ನಾಟಕದ ಕಡೆ ಈ ಮರಕ್ಕೆ ಬೇರೆ ಹೆಸರಿರಬಹುದು. ‘ಕೊಂಡಿಭಾರ’ ಅಂದರೆ ಎರಡೂ ಕಡೆ ನಡೆಯುತ್ತದೆ. ಆದರೆ ಕೊಂಡಿ ಎಳೆತವನ್ನೂ ತಡೆಯುತ್ತದೆ. ಕೊಂಡಿಭಾರ ಅಂದಾಗ ಎಳೆಯುವ ಭಾರ ಅಂತ ತಿಳಿದರೆ ಕೆಲಸ ಕೆಟ್ಟಿತು. ಮೂಕಿಭಾರದಲ್ಲಿ ಆ ತಪ್ಪಿಗೆ ಜಾಗ ಇಲ್ಲ. ಮುಂಭಾರ, ಹಿಂಭಾರ ಎರಡನ್ನಂತೂ ಹಾಗೇ ಉಳಿಸಿಕೊಳ್ಳುತ್ತೇನೆ, ಅಷ್ಟು ಚೆನ್ನಾಗಿ ಹೇಳುವ ಪದ ಬೇರೆ ಸಿಗೋದಿಲ್ಲ.

ಹಿಂಬದಿ ಬೀಸೋದಕ್ಕೆ ‘ಜೋಲಿ ಹೊಡೆಯುತ್ತೆ’ ಅಂತ ಬರೆದಿದ್ದೇನೆ. ‘ಓಲಾಡುತ್ತೆ’ ಮೆತ್ತಗಾಯಿತು, ಅಪಾಯ ಕಾಣೋದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕೋದಕ್ಕೆ ಚಾಲಕರೇ ‘ದಬ್ಬುತ್ತೆ’ ಅಂತಾರೆ, ಅದನ್ನೇ ಇಟ್ಟಿದ್ದೇನೆ. ಅದರ ಕೆಳಗೆ ಬರುವ ಸಾಲುಗಳು: ‘ಇಳಿಜಾರು ಶುರುವಾಗುವ ಮೊದಲೇ ಚಿಕ್ಕ ಗೇರಿಗೆ ಹಾಕಿ. ನ್ಯೂಟ್ರಲ್ ಬೇಡ. ರಸ್ತೆಯ ಮೇಲೆ ಎರಡೂ ಬ್ರೇಕ್ ಪೆಡಲ್ ಜೋಡಿಸಿ ಲಾಕ್ ಹಾಕಿರಲಿ.’ ಟ್ರ್ಯಾಕ್ಟರಿನ ಎಡ, ಬಲ ಹಿಂದಿನ ಗಾಲಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತದಲ್ಲ, ಹೊಲದಲ್ಲಿ ತಿರುಗಿಸೋಕೆ ಒಂದೊಂದೇ ಪೆಡಲ್ ಒತ್ತಿ ರೂಢಿಯಾದ ಕಾಲು ರಸ್ತೆಯಲ್ಲೂ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರ್ ಗಕ್ಕನೆ ಒಂದು ಕಡೆ ತಿರುಗುತ್ತದೆ. ಹಿಂದಿರುವ ಮೂರು ಟನ್ ನೆಟ್ಟಗೆ ಬರುತ್ತಿರುತ್ತದೆ.

ಇಲ್ಲೇ ಇನ್ನೊಂದು ಪದ ಬೇಕು. ‘ಎಳೆಯುವ ತಾಕತ್ತು’ ಎಲ್ಲರ ಬಾಯಲ್ಲೂ ಇದೆ. ಎಷ್ಟು ಭಾರವನ್ನು ನಿಲ್ಲಿಸಬಲ್ಲದು ಅನ್ನೋದಕ್ಕೆ ಅಂಥ ರೂಢಿಯ ಮಾತೇ ಇಲ್ಲ. ಸಮತಟ್ಟಿನಲ್ಲಿ ಸಲೀಸಾಗಿ ಎಳೆದ ಭಾರವನ್ನು ಇಳಿಜಾರಿನಲ್ಲಿ ಅದೇ ಟ್ರ್ಯಾಕ್ಟರ್ ತಡೆಯಲಾರದು. ‘ತಡೆಯುವ ತಾಕತ್ತು’ ಅಂತ ಬರೆದಿದ್ದೇನೆ. ಒಪ್ಪುತ್ತೀರಾ?

ಕಟ್ಟುವ ವಿಷಯದಲ್ಲಿ ಪದದ ತಕರಾರಿಲ್ಲ. ನಾಲ್ಕೂ ಮೂಲೆಗೆ ಸರಪಳಿ, ಹತ್ತಾರು ಕಿಲೋಮೀಟರ್ ಹೋದ ಮೇಲೆ ಇಳಿದು ಮತ್ತೆ ಬಿಗಿ, ಅಷ್ಟೇ. ಟ್ರೇಲರನ್ನು ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಜಾಗ ಮಾತ್ರ ದಪ್ಪ ಅಕ್ಷರದಲ್ಲಿದೆ: ‘ಕೆಳಗಿನ ಹಿಚ್ಚಿಗೇ ಹಾಕಿ. ಮೇಲಿನ ಲಿಂಕಿಗೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ.’ ಮಗುಚುತ್ತದೆ ಅನ್ನಲೋ, ಪಲ್ಟಿ ಹೊಡೆಯುತ್ತದೆ ಅನ್ನಲೋ?

ರಾಯಚೂರು, ಕೊಪ್ಪಳ, ಬೆಳಗಾವಿ, ಬಾಗಲಕೋಟೆ ಕಡೆಯವರು ಮೂಕಿಗೆ ಏನಂತೀರಿ, ಮುಂಭಾರ ಹಿಂಭಾರಕ್ಕೆ ಏನಂತೀರಿ, ದಯವಿಟ್ಟು ಊರಿನ ಹೆಸರಿನ ಜೊತೆ ತಿಳಿಸಿ. ನವೆಂಬರ್ ಭತ್ತದ ಕಟಾವಿಗೆ ಮೊದಲು ಪತ್ರ ಅಚ್ಚಿಗೆ ಹೋಗಬೇಕು. ಎರಡು ಕಡೆಗೆ ಎರಡು ಬೇರೆ ಪದ ಅಂತಾದರೆ ಎರಡೂ ಹಾಕಿಸುತ್ತೇನೆ, ಜಾಗ ಇದೆ.