ಸವಿತಾ, ಮಂಜನಿಗೆ ಇದನ್ನು ಕೇಳಿಸು

ಸವಿತಾ, ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಮಂಜ ರಜೆ ದಿನ ವೈಟ್ ಬೋರ್ಡ್, ಅಂದರೆ ಸ್ವಂತ ಬಳಕೆಯ ಕಾರಲ್ಲೇ ಏರ್‌ಪೋರ್ಟ್ ಬಾಡಿಗೆ ಹೊಡೀತಾನಂತೆ, ಇನ್ಶೂರೆನ್ಸ್ ಇದೆಯಲ್ಲ, ಸಾಕಲ್ವಾ ಮಾವ ಅಂತ ಕೇಳಿದ್ದೀಯ. ಸಾಲದಮ್ಮ. ಬೇಡ ಅನ್ನು ಅವನಿಗೆ.

ನನ್ನ ಇಂಡಿಕಾ ಗೊತ್ತಲ್ಲ, ನಿನ್ನ ಮದುವೇಲಿ ಹೂವು ಕಟ್ಟಿದ್ದು ಅದಕ್ಕೇ. ಒಂದು ಭಾನುವಾರ ಪರಿಚಯದವರು ಅಂತ ಮೈಸೂರಿಗೆ ಬಾಡಿಗೆ ಒಪ್ಪಿಕೊಂಡೆ. ಮದ್ದೂರು ದಾಟಿದ್ದೇ, ಮುಂದೆ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಒಂದು ಕೆಂಪು ದೀಪವಿಲ್ಲ. ಬ್ರೇಕ್ ಹೊಡೆದೆ, ಆದರೂ ಬಾನೆಟ್ ಒಳಗೆ ಹೋಯಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ.

ನಷ್ಟ ನೋಡಲು ಗ್ಯಾರೇಜಿಗೆ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದ. ನಯವಾದ ಹುಡುಗ, ಕಾಫಿ ಕುಡಿಸಿದೆ. ನನ್ನನ್ನು ಏನೂ ಕೇಳಲಿಲ್ಲ. ಹಿಂದೆ ಕೂತಿದ್ದವರಿಗೆ ಫೋನ್ ಮಾಡಿ, "ಎಷ್ಟು ಕೊಟ್ಟಿರಿ ಸರ್?" ಅಂದ. ಅವರೋ ಸತ್ಯಹರಿಶ್ಚಂದ್ರರು, "ಎರಡು ಸಾವಿರ" ಅಂದರು. ಮುಗೀತು. ಸ್ವಂತ ಬಳಕೆಯ ಪಾಲಿಸಿ, ಬಾಡಿಗೆಗೆ ಓಡಿಸಿದ್ದೀರಿ, ಕ್ಲೇಮ್ ಇಲ್ಲ ಅಂತ ಒಂದು ಹಾಳೆ ಬಂತು. ನಿಮ್ಮತ್ತೆ ಬಳೆ ಅಡವಿಟ್ಟು ರಿಪೇರಿ ಮಾಡಿಸಿದೆ. ಮತ್ತೆ ಹೇಳುತ್ತೇನೆ, ಆ ಪಾಲಿಸಿ ನಂಬಿ ಬಾಡಿಗೆ ಬೇಡ.

ಆ ಪಾಲಿಸಿ ಮಾಡಿಸಿದವನು ನಮ್ಮವನೇ. ಹೆಸರು ಹೇಳಲ್ಲ, ಇದೇ ಗ್ರೂಪಲ್ಲಿದ್ದಾನೆ. ಕಾರು ಮೂರು ತಿಂಗಳು ಗ್ಯಾರೇಜಲ್ಲಿತ್ತು, ಒಂದು ಫೋನ್ ಇಲ್ಲ. ಯುಗಾದಿಗೆ ಮಾತ್ರ ಬಂದು ನಾಲ್ಕು ಹೋಳಿಗೆ ತಿಂದು ಹೋದ. ನೀವೂ ಅಷ್ಟೇ, ನನ್ನ ಗುಡ್ ಮಾರ್ನಿಂಗ್ ನೋಡಿ ಸುಮ್ನಿರುತ್ತೀರಿ, ಗಂಡಾಂತರ ಬಂದಾಗ ಮಾವ ಬೇಕು.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಓಡಿಸಲೇಬೇಕು ಅಂದರೆ ಆರ್‌ಟಿಓದಲ್ಲಿ ಟ್ಯಾಕ್ಸಿಯ ಹಳದಿ ಬೋರ್ಡ್ ಮಾಡಿಸಲಿ, ಪರ್ಮಿಟ್, ಗಾಡಿ ಓಡಿಸಲು ಯೋಗ್ಯ ಅನ್ನುವ ಎಫ್‌ಸಿ ಎಲ್ಲಾ. ಪಾಲಿಸಿಯೂ ಟ್ಯಾಕ್ಸಿಯದ್ದೇ ಇರಲಿ. ಪ್ರೀಮಿಯಂ ಜಾಸ್ತಿ, ಹೌದು. ಆದರೆ ಈಗಿನ ಪಾಲಿಸಿಯಲ್ಲೇ ಬಾಡಿಗೆ ಓಡಿಸಿ ಯಾರಿಗಾದರೂ ಪೆಟ್ಟಾದರೆ, ಕೋರ್ಟ್ ಹೇಳಿತು ಅಂತ ಕಂಪನಿ ಮೊದಲು ಕೊಟ್ಟರೂ ಆಮೇಲೆ ಮಂಜನ ಹತ್ತಿರವೇ ವಸೂಲಿ ಮಾಡಬಹುದು. ಓನರ್-ಡ್ರೈವರ್ ಅಪಘಾತ ವಿಮೆ 15 ಲಕ್ಷದ್ದು ಇದೆಯಾ ಅಂತಲೂ ನೋಡಲಿ. ಟ್ಯಾಕ್ಸಿ ಆಪ್‌ನವರು ಕೊಡುವ ವಿಮೆ ಕೈಕಾಲಿಗೆ, ಬಂಪರಿಗಲ್ಲ.

ಪಾಲಿಸಿಯಲ್ಲಿ "ಲಿಮಿಟೇಶನ್ಸ್ ಆಸ್ ಟು ಯೂಸ್", ಅಂದರೆ ಗಾಡಿ ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಆ ಪುಟದ ಫೋಟೋ ಕಳಿಸಲಿ, ಕನ್ನಡಕ ಹಾಕಿಕೊಂಡು ಓದುತ್ತೇನೆ.